ಎದಿಮಟ್ಟಕ್ಕ ಆರೋ ದೀಪ

ತಾಯವ್ವನ ಮೈಮೇಲೆ ಮೂರು ಹಚ್ಚೆಗಳಿದ್ದವು. ಮೂರೂ ಸುಳ್ಳು ಹೇಳುತ್ತಿದ್ದವು.

ಮೊಣಕಾಲಿನ ಗೆರೆ ತೊಡೆಯ ಮೇಲಿತ್ತು. ನಡದ ಗೆರೆ ಎದೆಯ ಮೇಲಿತ್ತು. ಎದೆಯ ಗೆರೆ ಗಲ್ಲದ ಕೆಳಗೆ, ಕೊರಳ ಮೇಲಿತ್ತು. ಹಚ್ಚೆ ಹಾಕಿದವಳು ಕುಡಿದಿರಲಿಲ್ಲ. ಹಾಕಿಸಿದ ಪಂಚರೂ ಕುಡಿದಿರಲಿಲ್ಲ. ಅಷ್ಟು ದೊಡ್ಡ ತಪ್ಪನ್ನು ಮನುಷ್ಯ ಎಚ್ಚರ ಇದ್ದಾಗಲೇ ಮಾಡುತ್ತಾನೆ.

ದಾಟನಾಳ ನವಲಗುಂದದ ಕಡೆಯ ಊರು. ಊರ ಪಕ್ಕಕ್ಕೆ ಬೆಣ್ಣಿಹಳ್ಳ. ಹೆಸರು ಕೇಳಿ ರೊಟ್ಟಿ ಹಿಡಿದುಕೊಂಡು ಬಂದವರು ಹೆಣ ಹೊತ್ತುಕೊಂಡು ಹೋಗಿದ್ದಾರೆ. ಎಂಟು ತಿಂಗಳು ಕುರಿಮರಿ ದಾಟುವ ಹಳ್ಳ ಅದು. ಮಳೆಗಾಲದಲ್ಲಿ ಮಾತ್ರ ಅದರ ರೀತಿ ಬೇರೆ. ಮೇಲೆ ಕುಂದಗೋಳದ ಕಡೆ ಮಳೆ ಹೊಡೆದರೆ ಸಾಕು, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಕರಿನೀರು ಬಂದು ಕೆಳಸೇತುವೆ ನುಂಗುತ್ತದೆ. ಎತ್ತರದ ಸೇತುವೆಗೆ ಹೋಗಬೇಕಾದರೆ ಹನ್ನೊಂದು ಕಿಲೋಮೀಟರು ಸುತ್ತು. ಮನೆಗಳೆಲ್ಲ ಈ ದಂಡೆಗೆ, ಹೊಲಗಳೆಲ್ಲ ಆ ದಂಡೆಗೆ.

ಈ ದಂಡೆಯ ದಿಬ್ಬದ ಮೇಲೆ ಒಂದು ಕಲ್ಲಿನ ಬತೇರಿ, ಹಳೆಯ ಕಾವಲು ಗೋಪುರ. ಇಪ್ಪತ್ತೊಂದು ಮೆಟ್ಟಿಲು. ತುದಿಯಲ್ಲಿ ಮೂರು ಬತ್ತಿಯ ದೀಪ. ಅದರ ಕಾನೂನು ಊರಿನ ಕೂಸಿಗೂ ಗೊತ್ತಿತ್ತು. ನೀರು ಮೊಣಕಾಲಮಟ್ಟ ಇದ್ದರೆ ಮೂರು ಬತ್ತಿ, ಎಲ್ಲರೂ ದಾಟಬಹುದು. ನಡಮಟ್ಟ ಇದ್ದರೆ ಒಂದೇ ಬತ್ತಿ, ಗಟ್ಟಿ ಆಳುಗಳು ಕೈ ಕೈ ಹಿಡಿದು ಬರಬಹುದು. ಎದಿಮಟ್ಟಕ್ಕೆ ದೀಪ ಆರಬೇಕು. ದೀಪ ಕಂಡರೆ ಬಾ. ಕಾಣದಿದ್ದರೆ ಎಲ್ಲಿದ್ದೀಯೋ ಅಲ್ಲೇ ಕುಕ್ಕರಿಸು.

ಯಾರ ಮೊಣಕಾಲು, ಯಾರ ನಡ, ಯಾರ ಎದೆ? ಕೆಳಗೇರಿಯ ಒಂದು ಮನೆತನದವು. ಸಂಜೆ ನೀರು ಬಂತೆಂದರೆ ಆ ಮನೆಯವರು ಮುಳುಗಿದ ಸೇತುವೆಯ ಮೇಲೆ ನಡುಹಳ್ಳದವರೆಗೆ ನಡೆದು, ನಿಂತು, ಮಟ್ಟ ಕೂಗಿ ಹೇಳಬೇಕು. ಆಮೇಲೆ ಬಂದು ಬತೇರಿ ಹತ್ತಿ ಬತ್ತಿ ನೋಡಬೇಕು. ಅಳೆಯುವುದಕ್ಕೆ ಒಂದು ಕಲ್ಲುಗಂಬ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳುವವರುಂಟು. ಕಂಬ ಕೊಚ್ಚಿಕೊಂಡು ಹೋದರೆ ಹೊಸದು ಕಡೆಯಬೇಕು. ಕೆಳಗೇರಿಯ ಆಳು ಕೊಚ್ಚಿಕೊಂಡು ಹೋದರೆ ಅವನ ಮನೆಯಲ್ಲಿ ಇನ್ನೊಂದು ಬೆಳೆದಿರುತ್ತದೆ.

ತಾಯವ್ವನ ಅಪ್ಪ ಹೊಳೆಯಪ್ಪ ಆರಡಿ ಆಳು. ಅವನನ್ನು ಹಳ್ಳ ಎಳೆದುಕೊಂಡು ಹೋದಾಗ ಮನೆಯಲ್ಲಿ ಬೆಳೆದಿದ್ದದ್ದು ಇವಳೊಬ್ಬಳೇ. ಹತ್ತೊಂಬತ್ತು ವರ್ಷ. ಅಪ್ಪನ ಹೆಗಲಿಗೂ ಬರುತ್ತಿರಲಿಲ್ಲ. ಹೆಣ ಮೂರನೇ ದಿನ ಜಾಲಿಕಂಟಿಯಲ್ಲಿ ಸಿಕ್ಕಿತು. ಪಂಚರು ಮಣ್ಣು ಕೊಡಲು ಬಂದವರು ಅಲ್ಲಿಯೇ ಒಂದು ದಾರ ತಂದು ಹೆಣವನ್ನು ಅಳೆದರು. ಹಿಮ್ಮಡಿಯಿಂದ ಮೊಣಕಾಲು, ಹಿಮ್ಮಡಿಯಿಂದ ನಡ, ಹಿಮ್ಮಡಿಯಿಂದ ಎದೆ. ದಾರಕ್ಕೆ ಮೂರು ಗಂಟು ಬಿದ್ದವು. ವಾರ ಕಳೆದ ಮೇಲೆ ಅದೇ ದಾರವನ್ನು ತಾಯವ್ವನ ಪಕ್ಕಕ್ಕೆ ಹಿಡಿದು, ಗಂಟು ಎಲ್ಲಿ ಬಂತೋ ಅಲ್ಲಿ ಹಚ್ಚೆ ಹಾಕಿಸಿದರು.

"ಮೂರನೇದ್ದು ಗಲ್ಲಕ್ಕ ಬರತೈತ್ರಿ. ಕೂಸು ಮುಳಗತೈತಿ," ಎಂದಿದ್ದಳು ಹಚ್ಚೆ ಹಾಕುವವಳು.

"ಮಟ್ಟ ಬದಲಾಗಬಾರ್ದು," ಎಂದರು ಪಂಚರು. "ಹುಡುಗಿ ಗಿಡ್ಡ ಅಂತ ಊರ ಯಾಕ ಗಿಡ್ಡ ಆಗಬೇಕು?"

ನಿಶ್ಚಯವಾಗಿದ್ದ ಗಂಡು ಹಚ್ಚೆ ನೋಡಿ ಬೀಗತನ ಮುರಿದ. ಮೂವತ್ತೆರಡು ವರ್ಷ ತಾಯವ್ವ ಆ ಗೆರೆಗಳನ್ನು ಹೊತ್ತುಕೊಂಡು ನೀರಿಗಿಳಿದಳು. ಅವಳು "ಎದೀ!" ಎಂದು ಕೂಗುವ ಹೊತ್ತಿಗೆ ನೀರು ತುಟಿಗೆ ಬಡಿಯುತ್ತಿತ್ತು. ಕೂಗಿದ ಬಾಯಿಗೆ ಕರಿನೀರು ನುಗ್ಗುತ್ತಿತ್ತು. ದಂಡೆಯ ಮೇಲೆ ಬೀಡಿ ಸೇದುತ್ತ ನಿಂತ ಗಂಡಸರಿಗೆ ಅದೊಂದು ಆಟ.

"ತಾಯವ್ವಾ, ಸೀರಿ ಇನ್ನಷ್ಟ ಮ್ಯಾಲ ಎತ್ತಬೇ, ಗೆರಿ ಕಾಣವಲ್ದು!"

"ಬಂದು ನೋಡೋ, ನಿಮ್ಮವ್ವನ್ನೂ ಕರಕೊಂಡ ಬಾ!" ಎಂದು ನೀರಿನಿಂದಲೇ ಬೈಯುತ್ತಿದ್ದಳು. ಒದ್ದೆ ಸೀರೆಯಲ್ಲಿ ಇಪ್ಪತ್ತೊಂದು ಮೆಟ್ಟಿಲು ಹತ್ತುತ್ತಿದ್ದಳು. ಆಗೆಲ್ಲ ಬತೇರಿಗೆ ಮೈಲಿಗೆ ಎಂಬುದಿರಲಿಲ್ಲ. ಕೆಲಸ ಇರುವಲ್ಲಿ ಮೈಲಿಗೆ ಇರುವುದಿಲ್ಲ. ಮರ್ಯಾದೆ ಬಂದ ಮೇಲೆ ಬರುತ್ತದೆ.

ಮರ್ಯಾದೆ ಬಂದದ್ದು ಹೋದ ವರ್ಷ. ಸುಭಾಸ ದೇಸಾಯಿಯ ಕಾರಿನಲ್ಲಿ ಬಂತು. ಆ ದಂಡೆಯ ಹೊಲಗಳಲ್ಲಿ ಅರ್ಧಕ್ಕರ್ಧ ಈ ಸುಭಾಸನವು. ಬತೇರಿ ತನ್ನ ಮುತ್ತಜ್ಜ ಕಟ್ಟಿಸಿದ್ದು ಎಂದು ಅವನಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಒಂದು ಜೀರ್ಣೋದ್ಧಾರ ಸಮಿತಿಯಾಯಿತು. ಸಮಿತಿ ಇದ್ದಲ್ಲಿ ಇತಿಹಾಸ ಬೇಕು. ಇತಿಹಾಸ ಬರೆಯಲು ನಿವೃತ್ತ ಪ್ರೊಫೆಸರ್ ಒಬ್ಬರು ಬಂದರು. ಹೆಗಲ ಮೇಲೆ ಶಾಲು, ಮಾತಿನ ಕೊನೆಗೆ "ಎಂಬುದನ್ನು ನಾವು ಮರೆಯುವಂತಿಲ್ಲ." ಚಹಾ ಬೇಕಾದರೂ "ಚಹಾ ಎಂಬುದನ್ನು ನಾವು ಮರೆಯುವಂತಿಲ್ಲ" ಎನ್ನುವ ಪೈಕಿ.

ಅವರು ತಾಯವ್ವನ ಗುಡಿಸಲಿಗೂ ಬಂದರು. ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದರು.

"ಸ್ವಲ್ಪ ಗಲ್ಲ ಎತ್ತಮ್ಮ. ಹಾಂ. ಹಚ್ಚೆ ಮಾತ್ರ ಬರಲಿ. ಮುಖ ಬೇಡ, ಮುಖ ಬೇಡ."

ತಾಯವ್ವ ಗಲ್ಲ ಎತ್ತಿದಳು. ಮೂವತ್ತೆರಡು ವರ್ಷದ ರೂಢಿ. ಗಲ್ಲ ಎತ್ತಿದ್ದರಿಂದಲೇ ಬದುಕಿದವಳು ಅವಳು.

"ಸರ, ನಮ್ಮಪ್ಪನ ಹೆಸರು ಹೊಳೆಯಪ್ಪ ಅಂತ್ರಿ. ನೀರ ನೋಡಾಕ ಹೋಗೇ ಸತ್ತಾನ. ಅಜ್ಜನೂ ಹಂಗ. ಬರಕೋರಿ."

"ಬರೆದುಕೊಳ್ಳೋಣ, ಬರೆದುಕೊಳ್ಳೋಣ," ಎಂದರು ಪ್ರೊಫೆಸರ್. ಪೆನ್ನು ಜೇಬಿನಲ್ಲೇ ಇತ್ತು.

ಮಳೆಗಾಲದ ಬಾಯಿಗೆ ಉದ್ಘಾಟನೆ. ಬತೇರಿಗೆ ಬಣ್ಣ ಬಂತು. ಕೆಳಗೆ ಕಬ್ಬಿಣದ ಗೇಟು ಬಂತು. ಗೇಟಿಗೆ ಬೀಗ, ಬೀಗಕ್ಕೆ ಒಬ್ಬ ಪೂಜಾರಿ. ಬತ್ತಿಯ ದೀಪ ತೆಗೆದು ಎಲ್ಇಡಿ ದೀಪ ಕೂಡಿಸಿದರು. ಅದಕ್ಕೆ ಅಖಂಡ ಜ್ಯೋತಿ ಎಂದು ಹೆಸರಿಟ್ಟರು. ಕೆಳಗೇರಿಯವರು ಗೇಟಿನ ಹೊರಗೆ ನಿಂತು ನೋಡಬಹುದು ಎಂದು ಮೈಕಿನಲ್ಲಿ ಮೂರು ಸಲ ಹೇಳಿದರು, ಬಹಳ ಪ್ರೀತಿಯಿಂದ.

ಪ್ರೊಫೆಸರ್ ಮೈಕಿನ ತಲೆಗೆ ಎರಡು ಬಾರಿ ಬಡಿದು ಶುರು ಮಾಡಿದರು.

"ಮಿತ್ರರೇ! ಕರಾವಳಿಯ ಒಂದು ಮೀನುಗಾರರ ಪಟ್ಟಣದಲ್ಲಿ ನಾನು ಆರು ವರ್ಷ ಪಾಠ ಮಾಡಿದವನು. ಅಲ್ಲಿಯ ದೀಪಸ್ತಂಭದ ಇತಿಹಾಸವನ್ನು ಬರೆದವನೂ ನಾನೇ. ಮೊದಲು ಕೊಬ್ಬರಿ ಎಣ್ಣೆ, ಆಮೇಲೆ ಸೀಮೆಎಣ್ಣೆ, ಆಮೇಲೆ ವಿದ್ಯುತ್ತು. ಎಂಥ ಬಿರುಗಾಳಿಯಲ್ಲೂ ಆ ದೀಪ ಒಂದು ರಾತ್ರಿ ಆರಲಿಲ್ಲ ಎಂಬುದನ್ನು ನಾವು ಮರೆಯುವಂತಿಲ್ಲ! ಅದು ದೀಪದ ಧರ್ಮ. ಆದರೆ ನಮ್ಮ ದಾಟನಾಳದಲ್ಲಿ? ಮಹಾಪೂರ ಬಂದಾಗಲೇ ದೀಪ ಆರುತ್ತಿತ್ತು! ಯಾಕೆ? ಅವಿದ್ಯಾವಂತ ನಿರ್ವಾಹಕರ ಅಲಕ್ಷ್ಯ! ಇಂದಿನಿಂದ ಈ ಜ್ಯೋತಿ ಆರುವುದಿಲ್ಲ!"

ಚಪ್ಪಾಳೆ. ತಾಯವ್ವ ಗೇಟಿನ ಸರಳು ಹಿಡಿದು ನಿಂತಿದ್ದಳು. ಅಲಕ್ಷ್ಯ ಎಂದರೆ ಏನೆಂದು ಪಕ್ಕದವರನ್ನು ಕೇಳಿ ತಿಳಿದುಕೊಂಡಳು. ಆಮೇಲೆ ಕೂಗಿದಳು. ನೀರಿನ ಮೇಲೆ ಕೂಗಿ ಪಳಗಿದ ಗಂಟಲು, ಮೈಕು ಬೇಕಾಗಲಿಲ್ಲ.

"ಸರ! ಆ ಸಮುದ್ರದ ಊರಾಗ ದೀಪ ಯಾಕ ಹಚ್ಚತಾರ್ರಿ?"

ಪ್ರೊಫೆಸರಿಗೆ ಪ್ರಶ್ನೆ ಬಂದದ್ದೇ ಸಂತೋಷ. "ಇಲ್ಲಿ ಬಂಡೆಗಳಿವೆ, ದೂರ ಇರಿ ಎಂದು ಹಡಗುಗಳಿಗೆ ಹೇಳುವುದಕ್ಕಮ್ಮ."

"ಅಲ್ಲಿ ದೀಪ ಬರಬ್ಯಾಡ ಅಂತೈತಿ. ಇಲ್ಲಿ ದೀಪ ಬಾ ಅಂತೈತಿ. ಅಲ್ಲಿಂದ ತಂದು ಇಲ್ಲಿ ಇಟ್ರ ಹೆಂಗ್ರಿ? ಎದಿಮಟ್ಟ ನೀರ ಬಂದಾಗ ಇದನ್ನ ಆರಸಾಕಬೇಕ್ರಿ. ಇಲ್ಲಂದ್ರ ಮಂದಿ ಸಾಯತಾರ."

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. ಸುಭಾಸ ಮೈಕು ಇಸಿದುಕೊಂಡ. ಅವನಿಗೆ ಎಲ್ಲದಕ್ಕೂ "ಅಗದಿ" ಹಚ್ಚುವ ಚಟ.

"ಅಗದಿ ಚಲೋ ಮಾತ ಹೇಳಿದಿ ತಾಯವ್ವ. ಶುಭ ದಿನ ಸಾಯೂ ಮಾತ ಯಾಕಬೇ? ಪ್ರಸಾದ ತಗೊಂಡ ಹೋಗು. ಗೇಟಿನ ಹೊರಗ ಕೊಡತಾರ."

ಮಂದಿ ನಕ್ಕರು. ಉದ್ಘಾಟನೆಯ ಕಲ್ಲಿನ ಮೇಲೆ ಹದಿನೆಂಟು ಹೆಸರುಗಳಿದ್ದವು. ಧ್ವನಿವರ್ಧಕ ಕೊಟ್ಟವರದೂ ಇತ್ತು.

ದೀಪ ಕೂಡಿಸಿದವನು ಮುನಾಫ್, ಅದೇ ಊರಿನ ವೈರಿಂಗ್ ಹುಡುಗ. ಪೆಂಡಾಲು ಬಿಚ್ಚುವಾಗ ತಾಯವ್ವ ಅವನನ್ನು ಹಿಡಿದಳು.

"ಇದು ಹೆಂಗಪಾ ಹತ್ತತೈತಿ?"

"ಕತ್ತಲಾದ್ರ ತಾನ ಹತ್ತತೈತಿ ಕಾಕಿ, ಬೆಳಕಾದ್ರ ತಾನ ಆರತೈತಿ. ಸೆನ್ಸಾರ್ ಐತಿ."

"ನೀರ ಬಂದ್ರ?"

"ನೀರ ಅದಕ್ಕ ಹೆಂಗ ಗೊತ್ತಾಗತೈತಿ? ಅದಕ್ಕೇನ ಕಾಲೈತಾ, ನಡಾ ಐತಾ?"

"ಎದೀನೂ ಇಲ್ಲ," ಎಂದಳು ತಾಯವ್ವ.

ಆ ಸಂಜೆ ಕೆಳಗೇರಿಯ ಕಟ್ಟೆಯ ಮೇಲೆ ಅವಳು ಸೆರಗನ್ನು ಶಾಲಿನಂತೆ ಹೊದ್ದು, ಒಂದು ಸೌಟು ಹಿಡಿದು, ಅದರ ತಲೆಗೆ ಎರಡು ಬಾರಿ ಬಡಿದಳು. "ಮಿತ್ರರೇ! ರೇವವ್ವನ ಬಾಯಾಗಿನ ಮೂರು ಹಲ್ಲುಗಳು ಪುರಾತನ ಅವಶೇಷಗಳು ಎಂಬುದನ್ನು ನಾವು ಮರೆಯುವಂತಿಲ್ಲ!"

ಎಲ್ಲರಿಗಿಂತ ಹೆಚ್ಚು ನಕ್ಕವಳು ರೇವವ್ವನೇ. ತಾಯವ್ವನ ವಾರಿಗೆಯವಳು, ಒಟ್ಟಿಗೆ ಆಡಿ ಬೆಳೆದವಳು. ಸಂಜೆಯಾದರೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆಳಕೊಂದು ಮಾತ್ರ ಮಸುಕಾಗಿ ಕಾಣುತ್ತಿತ್ತು. "ಅವಕ್ಕೂ ಒಂದು ಗೇಟ್ ಹಾಕಸಬೇ," ಎಂದಳು, "ಆವಾಗರ ಕೆಳಗೇರಿ ರೊಟ್ಟಿ ಹೊರಗ ನಿಂದ್ರಲಿ." ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

ಶ್ರಾವಣದಲ್ಲಿ ಹೆಸರುಕಾಯಿ ಬಿಡಿಸುವ ಸುಗ್ಗಿ. ಹೆಂಗಸರೆಲ್ಲ ಆ ದಂಡೆಗೆ ಕೂಲಿಗೆ ಹೋಗುತ್ತಿದ್ದರು. ಒಂದು ದಿನ ಎಲ್ಲರೂ ಹೊತ್ತಿದ್ದಾಗಲೇ ದಾಟಿ ಬಂದರು. ರೇವವ್ವ ಮನೆಯ ಆಡಿಗೆ ಮೇವೆಂದು ಹೆಸರಿನ ಹೊಟ್ಟು ಕಟ್ಟಿಕೊಳ್ಳಲು ಹಿಂದೆ ಉಳಿದಳು. ಮೋಡವಿಲ್ಲ, ಹನಿಯಿಲ್ಲ. ಮುಸ್ಸಂಜೆಗೆ ನೀರು ಬಂತು.

ತಾಯವ್ವನನ್ನು ಯಾರೂ ಕರೆಯಲಿಲ್ಲ. ಅವಳೇ ಇಳಿದಳು. ನಡುಹಳ್ಳಕ್ಕೆ ಹೋಗುವಷ್ಟರಲ್ಲಿ ನೀರು ಗಲ್ಲದ ಗೆರೆ ಮುಟ್ಟಿತು. ಹಿಂದೆ ತಿರುಗಿ ನೋಡಿದಳು. ಬತೇರಿಯ ಮೇಲೆ ದೀಪ ಹತ್ತಿತ್ತು, ಬೆಳ್ಳಗೆ, ತಣ್ಣಗೆ. ಮುಂದೆ ನೋಡಿದಳು. ಆ ದಂಡೆಯಲ್ಲಿ ತಲೆಯ ಮೇಲೆ ಹೊರೆ ಹೊತ್ತ ಒಂದು ಆಕಾರ ಸೀರೆ ಎತ್ತಿ ಕಟ್ಟುತ್ತಿತ್ತು.

"ಎದೀ! ಎದಿ ಐತಿ! ರೇವೀ, ಬರಬ್ಯಾಡಬೇ!"

ನೀರಿನ ಸಪ್ಪಳದ ಮೇಲೆ ರೇವವ್ವನ ದನಿ ತೇಲಿ ಬಂತು. ನಗುತ್ತಿದ್ದ ದನಿ.

"ಯಾಕ ಒದರತೀಬೇ? ದೀಪ ಐತಲ್ಲಬೇ!"

ನಾಲ್ಕು ಹೆಜ್ಜೆ ಇಟ್ಟಳು. ಐದನೆಯದಕ್ಕೆ ಹೊರೆ ಒಂದು ಕಡೆ ಹೋಯಿತು, ರೇವವ್ವ ಒಂದು ಕಡೆ. ತಾಯವ್ವ ಕೈ ಚಾಚಿದಳು. ಕೈಗೆ ಹೆಸರಿನ ಹೊಟ್ಟು ಸಿಕ್ಕಿತು.

ಕಾಲು ಜಾರಿ ಸಾವು ಎಂದು ಪಂಚನಾಮೆಯಾಯಿತು. ರೇವವ್ವ ನೀರಿನಲ್ಲಿ ಐವತ್ತು ವರ್ಷ ಜಾರದವಳು. ತಾಯವ್ವ ಸುಭಾಸನ ಅಂಗಳದಲ್ಲಿ ನಿಂತು ಹೇಳಿದಳು, "ಕಾಲ ಜಾರಿಲ್ಲ. ದೀಪ ಕರೀತು, ಬಂದ್ಲು. ಆರಸೂದ ಮಾಡ್ರಿ."

"ಜ್ಯೋತಿ ಮ್ಯಾಲ ಆಪಾದನಿ ಹಾಕಬ್ಯಾಡ," ಎಂದ ಸುಭಾಸ. "ಆದ್ರೂ ನಾ ಅಗದಿ ವಿಚಾರ ಮಾಡೇನಿ. ನೀರ ಬಂದ್ರ ದೀಪ ತಾನ ಆರೂಹಂಗ ಮಷೀನ್ ತರಸಾಕತ್ತೇನಿ."

ಹತ್ತು ದಿನಕ್ಕೆ ಮಷೀನು ಬಂತು. ಸೇತುವೆಯ ಬದಿಗೆ ಒಂದು ನೀಲಿ ಡಬ್ಬಿ. ಅದಕ್ಕೂ ಕಾಯಿ ಒಡೆದರು. ಇನ್ನು ದೀಪ ಇದ್ದರೆ ದಾಟಬಹುದು, ಆರಿದರೆ ನಿಲ್ಲಬೇಕು, ಹಳೆಯ ಪದ್ಧತಿಯೇ, ಆದರೆ ವೈಜ್ಞಾನಿಕ, ಎಂದು ಊರೆಲ್ಲ ಡಂಗುರ ಸಾರಿದರು. ಕೆಳಗೇರಿಗೆ ಸಮಾಧಾನವಾಯಿತು. ತಾಯವ್ವನಿಗೂ ಆಯಿತು. ಗೆರೆಗಳಿಂದ ಬಿಡುಗಡೆ ಸಿಕ್ಕಿತೆಂದು ಆ ದಿನ ಗಲ್ಲಕ್ಕೆ ಎಣ್ಣೆ ಹಚ್ಚಿ ತಿಕ್ಕಿಕೊಂಡಳು.

ಮುನಾಫ್ ಅವಳ ಮುಖ ನೋಡಲಾಗದೆ ಮೂರು ದಿನ ತಪ್ಪಿಸಿ ಓಡಾಡಿದ. ನಾಲ್ಕನೆಯ ದಿನ ತಾನಾಗಿ ಬಂದ.

"ಕಾಕಿ, ಡಬ್ಬಿ ಐತಿ. ಒಳಗ ಏನಿಲ್ಲ."

"ಏನಿಲ್ಲ ಅಂದ್ರ?"

"ಏನಿಲ್ಲ ಅಂದ್ರ ಏನಿಲ್ಲ. ಖಾಲಿ. ವೈರ್ ಬತೇರಿತನಾನೂ ಹೋಗಿಲ್ಲ, ಮಣ್ಣಾಗ ಹುಗಿಸ್ಯಾರ. ಸಾಮಾನ ಆಮ್ಯಾಲ ಬರತಾವು, ಮೊದಲ ಡಬ್ಬಿ ಕೂಡಸು ಅಂದ್ರು."

"ಊರಿಗೆ ಹೇಳೋ ಮಾರಾಯ!"

"ನಾ ಬಾಯಿ ಬಿಟ್ರ, ಜ್ಯೋತಿ ಕೆಡಿಸಿದವ ಮುನಾಫ್ ಅಂತ ಆಗತೈತಿ. ನನ್ನ ಹೆಸರೊಂದ ಸಾಕು ಕಾಕಿ ಅವರಿಗೆ. ಸಾಕ್ಷಿ ಬ್ಯಾಡ."

ತಾಯವ್ವ ಮನೆಮನೆಗೆ ಹೋಗಿ ಹೇಳಿದಳು. ಡಬ್ಬಿ ಖಾಲಿ ಐತಿ. ಹೆಂಗಸರು ಅವಳನ್ನು ಮರುಕದಿಂದ ನೋಡಿದರು. ರೇವವ್ವ ಹೋದಾಗಿನಿಂದ ಈಕಿ ತಲಿ ಸರಿಯಿಲ್ಲ ಎಂದರು. ಕೂಲಿ ತಂಡದ ಮುಂದಾಳು ಲಕ್ಷ್ಮವ್ವ ಬಾಯಿಬಿಟ್ಟೇ ಹೇಳಿದಳು, "ನಿನ್ನ ಕೆಲಸ ಹೋತಂತ ಹೊಟ್ಟಿ ಉರಿಬ್ಯಾಡಬೇ. ಮಷೀನ್‍ಗೆ ಯಾರ ಸೀರಿ ಎತ್ತು ಅನ್ನಂಗಿಲ್ಲ. ಚಲೋ ಆತಿಲ್ಲ?"

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಾಯವ್ವ ಮುಂದಿನ ಮನೆಗೆ ನಡೆದಳು.

ಗಣಪತಿ ಹಬ್ಬ ಮುಗಿದು ಎರಡು ದಿನವಾಗಿತ್ತು. ಉಳ್ಳಾಗಡ್ಡಿ ಹೊಲದಲ್ಲಿ ಕಳೆ ತೆಗೆಯಲು ಹನ್ನೊಂದು ಹೆಂಗಸರು ಆ ದಂಡೆಗೆ ಹೋಗಿದ್ದರು. ಐದೂವರೆಗೆ ಹಳ್ಳದಲ್ಲಿ ನೊರೆ ಕಂಡಿತು. ಆರಕ್ಕೆ ಸೇತುವೆ ಹೋಯಿತು. ಆರೂಕಾಲಿಗೆ ನೀಲಿ ಡಬ್ಬಿ ಮುಳುಗಿತು. ಆರೂವರೆಗೆ ಕತ್ತಲಾಗತೊಡಗಿತು, ದೀಪ ತಾನಾಗಿ ಹತ್ತಿತು.

ತಾಯವ್ವ ನೀರಿಗಿಳಿಯಲಿಲ್ಲ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಹಳ್ಳಕ್ಕೆ ಬೆನ್ನು ಹಾಕಿದಳು. ಮನೆಯ ಬಿದಿರು ಗಳ ಕಿತ್ತುಕೊಂಡು ದಿಬ್ಬ ಹತ್ತಿದಳು. ಗೇಟಿಗೆ ಬೀಗವಿತ್ತು. ಪೂಜಾರಿ ಒಳಗೆ ಗಂಟೆ ಒರೆಸುತ್ತಿದ್ದ.

"ಬೀಗ ತಗಿರಿ. ಹನ್ನೊಂದು ಮಂದಿ ಬರಾಕತ್ತಾರ."

"ದೂರ ನಿಂತು ಮಾತಾಡು."

ದೂರ ನಿಂತು ಮಾತಾಡುವ ಹೊತ್ತಲ್ಲ ಅದು. ತಾಯವ್ವ ಸೀರೆಯ ಕಚ್ಚೆ ಹಾಕಿದಳು. ಗೇಟಿನ ಸರಳಿಗೆ ಕಾಲು ಕೊಟ್ಟಳು. ಮೇಲಿನ ಚೂಪು ತೊಡೆಯನ್ನು ಸಿಗಿಯಿತು, ಸರಿಯಾಗಿ ಮೊಣಕಾಲಿನ ಗೆರೆಯ ಮೇಲೆ. ಒಳಗೆ ಬಿದ್ದಳು. ಪೂಜಾರಿ ಕೂಗುತ್ತ ದೂರ ಸರಿದ; ಹಿಡಿಯಲು ಅವಳನ್ನು ಮುಟ್ಟಬೇಕಾಗುತ್ತಿತ್ತು. ಅಸ್ಪೃಶ್ಯತೆಯಿಂದ ಅವಳಿಗೆ ಆದ ಉಪಕಾರ ಅದೊಂದೇ.

ಇಪ್ಪತ್ತೊಂದು ಮೆಟ್ಟಿಲು. ಅವಳ ಪಾದಕ್ಕೆ ಒಂದೊಂದೂ ಗೊತ್ತು. ಹನ್ನೆರಡನೆಯದು ಸವೆದದ್ದು ಅಪ್ಪನ ಹಿಮ್ಮಡಿಯಿಂದ. ಅದಕ್ಕೂ ಗ್ರಾನೈಟ್ ಹಾಸಿದ್ದರು. ರಕ್ತಕ್ಕೆ ಕಾಲು ಜಾರಿತು. ಎದ್ದು ಹತ್ತಿದಳು.

ಮೇಲಿನಿಂದ ಆ ದಂಡೆ ಕಾಣುತ್ತಿತ್ತು. ಸಾಲಾಗಿ ಇಳಿಯುತ್ತಿದ್ದರು. ಮುಂದೆ ಲಕ್ಷ್ಮವ್ವ. ಕೈ ಕೈ ಹಿಡಿದಿದ್ದರು. ಒಬ್ಬಳ ಬೆನ್ನಿಗೆ ಕೂಸಿತ್ತು. ಲಕ್ಷ್ಮವ್ವನ ಪಾದ ನೀರಿನಲ್ಲಿತ್ತು.

ತಾಯವ್ವ ಗಳ ಎತ್ತಿ ಹೊಡೆದಳು. ಗಾಜು ಒಡೆಯಿತು, ದೀಪ ಆರಲಿಲ್ಲ. ಇನ್ನೊಮ್ಮೆ ಹೊಡೆದಳು. ಆರಲಿಲ್ಲ. ಆರದ ದೀಪ ಅಂತ ಹೇಳಿದ್ದರಲ್ಲ, ಆ ಮಾತೊಂದು ನಿಜವಿತ್ತು. ಆಗ ಕೈ ಹಾಕಿದಳು. ಬೆಳಕನ್ನು ಬೇರು ಸಮೇತ ಹಿಡಿದು, ಒದ್ದು, ಜಗ್ಗಿದಳು. ಕರೆಂಟು ಭುಜದವರೆಗೆ ಒದೆಯಿತು. ವೈರು ಹರಿಯಿತು. ಅವಳು ಬೆನ್ನ ಮೇಲೆ ಬಿದ್ದಳು.

ಕತ್ತಲೆ.

ಎಂಥ ಚೆಲುವಾದ ಕತ್ತಲೆ. ಕೆಳಗೆ ಲಕ್ಷ್ಮವ್ವನ ದನಿ ಕೇಳಿತು. "ದೀಪ ಆರಿತ್ರೇ! ಹಿಂದಕ್ಕ ನಡೀರಿ, ಹಿಂದಕ್ಕ!"

ಹನ್ನೊಂದು ಹೆಂಗಸರು, ಒಂದು ಕೂಸು ಹೊಲದ ಪತ್ರಾಸ್ ತಗಡಿನ ಶೆಡ್ಡಿನಲ್ಲಿ ಕೂತು ಬೆಳಗು ಮಾಡಿದರು. ಯಾರಿಗೂ ಏನೂ ಆಗಲಿಲ್ಲ. ಅದೇ ತಾಯವ್ವನ ಕೇಸು ಕೆಡಿಸಿತು.

"ಯಾರ ಸತ್ರು?" ಎಂದು ಕೇಳಿದ ಪೊಲೀಸ್ ಠಾಣೆಯ ಫೌಜುದಾರ.

"ಯಾರೂ ಸತ್ತಿಲ್ರಿ."

"ಮತ್ತ ಯಾಕ ಒಡದಿ?"

"ಸಾಯಬಾರ್ದಂತ್ರಿ."

"ಸತ್ತೇ ಇಲ್ಲಲ್ಲ?"

ಈ ಪ್ರಶ್ನೆಗೆ ತಾಯವ್ವ ಸುಟ್ಟ ಅಂಗೈ ತೋರಿಸಿದಳು. ಅದು ಉತ್ತರವಲ್ಲ ಎಂದ ಆತ. ಠಾಣೆಗೆ ತರುವ ಮೊದಲೇ, ಪೂಜಾರಿಯ ಕೂಗಿಗೆ ಬಂದವರು ದಿಬ್ಬದ ಮೇಲೆ ಅವಳನ್ನು ಹೊಡೆದಿದ್ದರು. ಕೈಯಿಂದಲ್ಲ, ಕೋಲಿನಿಂದ, ಮಡಿ ಕೆಡಬಾರದಲ್ಲ. ಅವಳದೇ ಗಳದ ತುಂಡು. ಎರಡು ಪಕ್ಕೆಲುಬು ಮುರಿದಿದ್ದವು. ಹೊಡೆದವರ ಮೇಲೆ ಕಂಪ್ಲೇಂಟು ಬರೆದುಕೊಳ್ಳಲು ಆ ದಿನ ಠಾಣೆಯಲ್ಲಿ ಹಾಳೆ ಮುಗಿದಿತ್ತು. ಅವಳ ಮೇಲೆ ಬರೆಯಲು ಇತ್ತು. ಪಾರಂಪರಿಕ ಆಸ್ತಿಗೆ ಹಾನಿ, ಧಾರ್ಮಿಕ ಭಾವನೆಗೆ ಧಕ್ಕೆ.

ಸುಭಾಸ ಊರಿಗೆ ಬೇರೆಯೇ ಹೇಳಿದ. "ಮಷೀನ್ ಇನ್ನೇನ ದೀಪ ಆರಸೂದಿತ್ತು. ಅಗದಿ ಅಷ್ಟರಾಗ ಈಕಿ ಒಡದ್ಲು." ಊರು ನಂಬಿತು. ಶೆಡ್ಡಿನಲ್ಲಿ ಕೂತು ಬದುಕಿದ ಹನ್ನೊಂದು ಹೆಂಗಸರೂ ನಂಬಿದರು. ನಂಬದೆ ಏನು ಮಾಡಬೇಕು? ನಾಳೆ ಮತ್ತೆ ಅವನದೇ ಹೊಲ, ಮತ್ತೆ ಅದೇ ಹಳ್ಳ. ಡಬ್ಬಿ ಖಾಲಿ ಎಂದು ಒಪ್ಪಿಕೊಂಡವರು ಕೂಲಿಗೆ ಹೋಗುವುದು ಹೇಗೆ? ಸಾಕ್ಷಿ ಹೇಳಲು ಠಾಣೆಗೆ ಕರೆದಾಗ ಲಕ್ಷ್ಮವ್ವ ಸೆರಗಿನ ತುದಿ ಕಚ್ಚಿಕೊಂಡು ನಿಂತಳು. "ನಾವು ಹೆಂಗೂ ದಾಟತಿದ್ದಿಲ್ರಿ," ಎಂದಳು. ತಾಯವ್ವ ಅವಳ ಪಾದವನ್ನೇ ನೋಡಿದಳು.

ಹತ್ತೊಂಬತ್ತು ದಿನಕ್ಕೆ ಜಾಮೀನಾಯಿತು. ಮುನಾಫ್‍ನ ಅಜ್ಜ ಅಬ್ದುಲ್‌ಸಾಬ ತನ್ನ ಹೊಲದ ಉತಾರ ಒತ್ತೆಯಿಟ್ಟು ಬಿಡಿಸಿಕೊಂಡು ಬಂದ. ದಾರಿಯಲ್ಲಿ ಮುದುಕ ಒಂದೇ ಮಾತಾಡಿದ. "ನಿಮ್ಮಪ್ಪನ ಕೂಗಿಗೆ ನಾ ನಾಲ್ಕ ಸಲ ಬದಕೇನವಾ."

ಊರಿಗೆ ಬಂದ ಸಂಜೆಯೇ ಸುಭಾಸ ಹೇಳಿ ಕಳಿಸಿದ. ಅವಳು ಹೋದಳು. ಅಂಗಳದಲ್ಲಿ ಪ್ರೊಫೆಸರೂ ಇದ್ದರು. ರಾಜಿಯ ಮಾತು. ರಾಜ್ಯೋತ್ಸವಕ್ಕೆ ದೊಡ್ಡ ಸಾಹೇಬರು ಬರುವವರಿದ್ದಾರೆ. ಅವರ ಮುಂದೆ ಹಳೆಯ ಪದ್ಧತಿಯ ಒಂದು ಪ್ರಾತ್ಯಕ್ಷಿಕೆ ಆಗಬೇಕು. ತಾಯವ್ವ ನೀರಿಗಿಳಿದು, ಗೆರೆ ತೋರಿಸಿ, ಕೂಗಬೇಕು. ಗೇಟಿನ ಮುಂದೆ ತಪ್ಪಾಯಿತೆಂದು ಅಡ್ಡಬೀಳಬೇಕು. ಕೇಸು ಹಿಂದಕ್ಕೆ.

"ಹೆಚ್ಚು ಆಳ ಇರುವುದಿಲ್ಲಮ್ಮ," ಎಂದರು ಪ್ರೊಫೆಸರ್. "ಸ್ವಲ್ಪ ಗಲ್ಲ ಎತ್ತಿದರೆ ಸಾಕು."

ತಾಯವ್ವ ಗಲ್ಲ ಇಳಿಸಿದಳು. ಗೆರೆ ಮುಚ್ಚಿಹೋಯಿತು.

"ನಮ್ಮಪ್ಪನ ಹೆಣ ಅಳದ ದಾರ ನನ್ನ ಕೊಳ್ಳಾಗ ಹಾಕೀರಿ. ಮೂವತ್ತೆರಡು ವರ್ಷ ಎತ್ತೇನಿ ಈ ಗಲ್ಲ. ಇನ್ನ ಎತ್ತಂಗಿಲ್ಲ. ಕೇಸ ನಡೀಲಿ."

"ಅಗದಿ ಸೊಕ್ಕು," ಎಂದ ಸುಭಾಸ.

"ಹೌದ್ರಿ," ಎಂದಳು ತಾಯವ್ವ. "ಅದೊಂದ ನನ್ನ ಅಳತೀದು."

ಬತೇರಿಗೆ ಹೊಸ ದೀಪ ಬಂದಿತ್ತು. ಮೊದಲಿನದರ ಎರಡು ಪಟ್ಟು. ಸುತ್ತ ಉಕ್ಕಿನ ಪಂಜರ, ಪಂಜರಕ್ಕೆ ಕ್ಯಾಮರಾ. ನೀಲಿ ಡಬ್ಬಿಯೂ ಹೊಸದು, ದೊಡ್ಡದು. ಉದ್ಘಾಟನೆಯ ಕಲ್ಲಿನಲ್ಲಿ ಒಂದು ಸಾಲು ಹೆಚ್ಚಾಗಿತ್ತು. ಮುನಾಫ್ ಓದಿ ಹೇಳಿದ. ಕಿಡಿಗೇಡಿಗಳಿಂದ ಹಾನಿಗೊಳಗಾದ ಜ್ಯೋತಿಯನ್ನು ಸುಭಾಸ ದೇಸಾಯಿಯವರು ಪುನಃ ಬೆಳಗಿಸಿದರು.

ಆ ಕಲ್ಲಿನೊಳಗೆ ಅಜ್ಜ ಬರಲಿಲ್ಲ, ಅಪ್ಪ ಬರಲಿಲ್ಲ, ರೇವವ್ವ ಬರಲಿಲ್ಲ. ಇವಳು ಬಂದಿದ್ದಳು, ಕಿಡಿಗೇಡಿಯಾಗಿ, ಹೆಸರಿಲ್ಲದೆ. ಪ್ರೊಫೆಸರ್ ತೆಗೆದ ಫೋಟೋವೂ ಹಾಗೇ ಇತ್ತಲ್ಲ, ಮುಖವಿಲ್ಲದೆ.

ಹಿಂಗಾರಿ ಮಳೆ ಶುರುವಾದ ವಾರ. ಇಲ್ಲಿ ಒಂದು ಹನಿ ಇಲ್ಲ. ಮುಸ್ಸಂಜೆಗೆ ಹಳ್ಳದಲ್ಲಿ ನೊರೆ ಕಂಡಿತು. ತಾಯವ್ವ ಕಟ್ಟೆಯ ಮೇಲೆ ಕೂತಿದ್ದಳು. ಉಸಿರು ಎಳೆದರೆ ಪಕ್ಕೆ ಚುಚ್ಚುತ್ತಿತ್ತು. ಏಳಬಾರದು ಎಂದುಕೊಂಡಳು. ಹನ್ನೊಂದು ಸುಳ್ಳುಸಾಕ್ಷಿಗಳು. ಹೋಗಲಿ ಎಂದುಕೊಂಡಳು. ಕೂಸು ನೆನಪಾಯಿತು. ಎದ್ದಳು.

ನೀರು ತೊಡೆಗೆ ಬಂತು. ಹಚ್ಚೆಯ ಲೆಕ್ಕದಲ್ಲಿ ಅದು ಮೊಣಕಾಲು. ಮುಂದೆ ನಡೆದಳು. ಎದೆಗೆ ಬಂತು. ಹಚ್ಚೆಯ ಲೆಕ್ಕದಲ್ಲಿ ಅದು ನಡ. ಅಪ್ಪನಾಗಿದ್ದರೆ ಇನ್ನೂ ಹತ್ತು ಹೆಜ್ಜೆ ಹೋಗುತ್ತಿದ್ದ. ಇವಳೂ ಮೂವತ್ತೆರಡು ವರ್ಷ ಹೋಗಿದ್ದಳು.

ನಿಂತಳು. ನೀರು ತನ್ನ ಎದೆಯನ್ನೇ ಬಡಿಯುತ್ತಿತ್ತು, ಎದೆಯ ಒಳಗಿನದೂ ತಿರುಗಿ ಬಡಿಯುತ್ತಿತ್ತು.

"ಎದೀ!" ಎಂದು ಕೂಗಿದಳು. ಜನ್ಮದಲ್ಲಿ ಮೊದಲ ಸಲ ಅದು ನಿಜವಾಗಿತ್ತು. ಬಾಯಿಗೆ ನೀರು ಬರಲಿಲ್ಲ. ಮಾತು ಪೂರ್ತಿ ಹೊರಗೆ ಬಂತು. "ಎದಿ ಐತಿ! ನಿಲ್ರಿ! ಅಲ್ಲೇ ನಿಲ್ರಿ!"

ಹಿಂದೆ ದಿಬ್ಬದ ಮೇಲೆ ಆರತಿಯ ಗಂಟೆ, ಧ್ವನಿವರ್ಧಕ. ಬೆನ್ನಿಗೆ ಬಿದ್ದ ಬಿಳಿ ಬೆಳಕಿನಲ್ಲಿ ಅವಳ ನೆರಳು ಕರಿನೀರಿನ ಮೇಲೆ ಉದ್ದಕ್ಕೆ ಚಾಚಿಕೊಂಡಿತ್ತು, ಆರಡಿಗಿಂತ ಉದ್ದ. ಆ ದಂಡೆಯಲ್ಲಿ ಹೆಂಗಸರ ಸಾಲು ಕೈ ಕೈ ಹಿಡಿದು ಇಳಿಯುತ್ತಿತ್ತು. ಎಲ್ಲರಿಗಿಂತ ಮುಂದಿದ್ದ ದನಿ ಲಕ್ಷ್ಮವ್ವನದು. ಸಿಟ್ಟಿಲ್ಲ ಅದರಲ್ಲಿ. ಹುಚ್ಚು ಹಿಡಿದ ಅಕ್ಕನಿಗೆ ತಂಗಿ ಹೇಳುವಂತೆ ಹೇಳಿದಳು.

"ದೀಪ ಐತಲ್ಲಬೇ!"